ಪದಚರ್ಚೆ: ‘ಫೀಡ್‌ಬ್ಯಾಕ್’ ಮತ್ತು ‘ಸೇಫ್ಟಿ’ಗೆ ಕನ್ನಡ ಪದ, ಪ್ರೌಢಶಾಲೆಯ ತಿಂಗಳ ಹಾಳೆಗಾಗಿ (ತುರ್ತು)

ಪ್ರಶ್ನೆ: ಮಲೆನಾಡಿನ ಕನ್ನಡ ಶಿಕ್ಷಕಿ

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಮಲೆನಾಡಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಈ ವರ್ಷದಿಂದ ಪ್ರತಿ ತಿಂಗಳೂ ಸಿಬ್ಬಂದಿಗೆ ಎರಡು ಪುಟದ ಹಾಳೆಯೊಂದನ್ನು ಹಂಚಬೇಕೆಂದು ನಮ್ಮ ಆಡಳಿತ ಮಂಡಳಿ ತೀರ್ಮಾನಿಸಿದೆ. ಅದರ ಇಂಗ್ಲಿಷ್ ಮಾದರಿಯನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಾಳೆಯ ಹೆಸರು ‘ಸ್ಟಾಫ್ ಅಪ್‌ಡೇಟ್’. ಮೊದಲ ಪುಟದ ತಲೆಬರಹ ‘ಟೀಚಿಂಗ್ ಫೀಡ್‌ಬ್ಯಾಕ್’: ಮುಖ್ಯ ಶಿಕ್ಷಕರು ತರಗತಿಯಲ್ಲಿ ಕುಳಿತು ಕಂಡದ್ದು ಮತ್ತು ಮಕ್ಕಳು ಚೀಟಿಯಲ್ಲಿ ಬರೆದದ್ದು ಅಲ್ಲಿ ಬರುತ್ತವೆ. ಎರಡನೆಯ ಪುಟದ್ದು ‘ಸ್ಟೂಡೆಂಟ್ ಸೇಫ್ಟಿ’: ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟಿ ಬರುವ ಮಕ್ಕಳ ಪಟ್ಟಿ, ಪ್ರಯೋಗಾಲಯದ ಹಳೆಯ ವೈರಿಂಗ್, ಸಂಜೆಯ ಬಸ್ಸಿನ ನೂಕುನುಗ್ಗಲು, ಗೇಟಿನ ಬಳಿ ಬರುವ ಅಪರಿಚಿತರು, ಕೊನೆಯಲ್ಲಿ ಮಕ್ಕಳ ಮೇಲಿನ ದೌರ್ಜನ್ಯ ಗಮನಕ್ಕೆ ಬಂದರೆ ಏನು ಮಾಡಬೇಕೆಂಬ ನಾಲ್ಕು ಸಾಲು.

ಇವೇ ಎರಡು ತಲೆಬರಹಗಳನ್ನು ಕಚೇರಿಯ ಮುಂದೆ ಮಕ್ಕಳು ಚೀಟಿ ಹಾಕುವ ಪೆಟ್ಟಿಗೆಯ ಮೇಲೂ ಬರೆಸಬೇಕಾಗಿದೆ. ಫಲಕ ಬರೆಯುವವರು ಶುಕ್ರವಾರ ಬೆಳಿಗ್ಗೆ ಬರುತ್ತಾರೆ.

‘ಅಪ್‌ಡೇಟ್’ ಎಂಬುದನ್ನು ‘ನವೀಕರಣ’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಪರವಾನಗಿಯನ್ನು ನವೀಕರಿಸುತ್ತಾರೆ, ಹಳೆಯ ಕಟ್ಟಡವನ್ನು ನವೀಕರಿಸುತ್ತಾರೆ. ‘ಸಿಬ್ಬಂದಿ ನವೀಕರಣ’ ಎಂದರೆ ನಮ್ಮನ್ನೇ ಕೆಡವಿ ಕಟ್ಟುವ ಯೋಜನೆಯಂತೆ ಕೇಳಿಸುತ್ತದೆ. ‘ಫೀಡ್‌ಬ್ಯಾಕ್’ಗೆ ಬಿ.ಎಡ್. ಪುಸ್ತಕಗಳ ‘ಹಿಮ್ಮಾಹಿತಿ’ ಇದೆ, ಶಿಕ್ಷಕರಿಗೆ ಅದು ಪರಿಚಿತವೂ ಹೌದು. ಆದರೆ ಕರಡನ್ನು ಓದಿದ ಎಂಟನೆಯ ತರಗತಿಯ ಹುಡುಗನೊಬ್ಬ ‘ಇದು ಹಿಮಾಲಯದ ವಿಷಯವೇ ಮೇಡಂ’ ಎಂದು ಕೇಳಿದ ಮೇಲೆ ನನ್ನ ಧೈರ್ಯ ಕುಗ್ಗಿದೆ. ‘ಸೇಫ್ಟಿ’ಗೆ ಸುರಕ್ಷತೆ, ಭದ್ರತೆ, ರಕ್ಷಣೆ, ಕ್ಷೇಮ ಎಂಬ ನಾಲ್ಕು ಪದಗಳು ಮುಂದಿವೆ, ಯಾವುದನ್ನು ಆರಿಸಲಿ? ದಯವಿಟ್ಟು ಗುರುವಾರ ರಾತ್ರಿಯೊಳಗೆ ತಿಳಿಸಿ.

ಧಾರವಾಡದ ನಿವೃತ್ತ ವ್ಯಾಕರಣ ಅಧ್ಯಾಪಕರು

ಸೋದರಿಯವರು ಕೊಟ್ಟ ಪಟ್ಟಿಯ ಮೊದಲ ಪದ ‘ಸುರಕ್ಷತೆ’ಯೇ ಅಶುದ್ಧವಾಗಿದೆ. ‘ರಕ್ಷಾ’ ಎಂಬುದು ಆಗಲೇ ಭಾವನಾಮ, ಅಂದರೆ ಗುಣ ಅಥವಾ ಕ್ರಿಯೆಯ ಹೆಸರು. ಅದರ ಮೇಲೆ ಮತ್ತೆ ‘ತೆ’ ಹಚ್ಚುವುದು ಐಕ್ಯತೆ, ಪ್ರಾಮುಖ್ಯತೆ, ವೈಶಿಷ್ಟ್ಯತೆಗಳ ಸಾಲಿಗೆ ಸೇರುವ ದೋಷ. ‘ಸುರಕ್ಷೆ’ ಎನ್ನಬೇಕು, ಇಲ್ಲವೆ ‘ಸುರಕ್ಷಿತತೆ’ ಎನ್ನಬೇಕು. ರಸ್ತೆಯ ಬದಿಯಲ್ಲಿ ಸರಕಾರವೇ ‘ರಸ್ತೆ ಸುರಕ್ಷತೆ’ ಎಂದು ಬರೆಸಿದೆ ಎಂಬ ಸಮರ್ಥನೆಯನ್ನು ಯಾರೂ ತರಬಾರದೆಂದು ಕೋರುತ್ತೇನೆ. ಫಲಕದ ಮೇಲೆ ಬರೆದ ಮಾತ್ರಕ್ಕೆ ತಪ್ಪು ಸರಿಯಾಗುವುದಿಲ್ಲ.

‘ಹಿಮ್ಮಾಹಿತಿ’ಯಂತೂ ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಕೂಡಿಸಿದ ದೋಷದ ಸಮಾಸ. ವ್ಯಾಕರಣಕಾರ ಕೇಶಿರಾಜನು 13ನೆಯ ಶತಮಾನದಲ್ಲೇ ನಿಷೇಧಿಸಿದ್ದನ್ನು ಶಿಕ್ಷಣ ಮಹಾವಿದ್ಯಾಲಯಗಳು 20ನೆಯ ಶತಮಾನದಲ್ಲಿ ಪಠ್ಯಕ್ಕೆ ತಂದವು. ‘ಪ್ರತಿಕ್ರಿಯೆ’ ಎಂದು ಬರೆಯಿರಿ, ಅಷ್ಟು ಸಾಕು.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ಮಾನ್ಯ ಅಧ್ಯಾಪಕರು ಸಂಸ್ಕೃತ ವ್ಯಾಕರಣದ ತಕ್ಕಡಿಯಲ್ಲಿ ಕನ್ನಡವನ್ನು ತೂಗುವುದನ್ನು ಬಿಡುವವರೆಗೆ ನಮಗೆ ಹೊಸ ಪದಗಳು ಹುಟ್ಟುವುದಿಲ್ಲ. ‘ಸುರಕ್ಷೆ’ಯೂ ಬೇಡ, ‘ಸುರಕ್ಷತೆ’ಯೂ ಬೇಡ; ‘ಕಾಪಾಡು’ ಎಂಬ ಕ್ರಿಯಾಪದದೊಳಗೆ ಬೆಚ್ಚಗೆ ಕುಳಿತಿರುವ ‘ಕಾಪು’ ಎಂಬ ಹಳೆಯ ನಾಮಪದವನ್ನು ಎಬ್ಬಿಸಿದರೆ ಸಾಕು, ‘ಮಕ್ಕಳ ಕಾಪು’ ಎಂಬ ತಲೆಬರಹ ಸಿದ್ಧವಾಗುತ್ತದೆ. ‘ಫೀಡ್‌ಬ್ಯಾಕ್’ಗೆ ‘ಹಿನ್ನುಡಿ’ ಎನ್ನಬಹುದು. ಸುತ್ತು ಮತ್ತು ಓಲೆ ಸೇರಿ ‘ಸುತ್ತೋಲೆ’ ಆಯಿತು, ಬಿಸಿ ಮತ್ತು ಊಟ ಸೇರಿ ‘ಬಿಸಿಯೂಟ’ ಆಯಿತು. ಕಚೇರಿಯ ದಾಖಲೆಗಳು ‘ಅಕ್ಷರ ದಾಸೋಹ’ ಎಂದು ಎಷ್ಟೇ ಬರೆದರೂ ಮಕ್ಕಳ ಬಾಯಿಯಲ್ಲಿ ನಿಂತದ್ದು ಬಿಸಿಯೂಟವೇ.

ಅಷ್ಟೇ ಅಲ್ಲ, ‘ಸಿಬ್ಬಂದಿ’ಯನ್ನೂ ಕೈಬಿಡಬೇಕು. ಅದು ಪಾರಸಿಯ ‘ಸಿಹ್‌ಬಂದಿ’. ಮೂರು ತಿಂಗಳಿಗೊಮ್ಮೆ ಸಂಬಳ ಪಡೆದು ಕಂದಾಯ ವಸೂಲಿಗೆ ಹೋಗುತ್ತಿದ್ದ ಪಡೆಯ ಹೆಸರು. ಪಾಠ ಹೇಳುವವರಿಗೆ ಆ ಹೆಸರು ಏಕೆ?

ಮೈಸೂರಿನ ಅನುವಾದಕರು

‘ಹಿನ್ನುಡಿ’ ಎಂದರೆ ಪುಸ್ತಕದ ಕೊನೆಯ ಮಾತು. ಮುನ್ನುಡಿ, ಹಿನ್ನುಡಿ, ಬೆನ್ನುಡಿ ಮೂರೂ ಮುದ್ರಣದವರ ಸ್ವತ್ತು. ‘ಕಾಪು’ ಎಂಬುದು ಉಡುಪಿ ಜಿಲ್ಲೆಯ ಊರು. ‘ಮಕ್ಕಳ ಕಾಪು’ ಎಂದು ಬರೆಸಿದರೆ ಅಲ್ಲಿನ ದೀಪಸ್ತಂಭಕ್ಕೆ ಮಕ್ಕಳ ಪ್ರವಾಸ ಹೊರಟಿದೆ ಎಂದು ಪೋಷಕರು ಹಣ ಕಟ್ಟಲು ಬಂದಾರು.

‘ಸಿಬ್ಬಂದಿ’ ಇರಲಿ. ಮೂರು ತಿಂಗಳಿಗೊಮ್ಮೆ ಸಂಬಳ ಕಾಣುವ ಅತಿಥಿ ಶಿಕ್ಷಕರನ್ನು ನಾನು ಬಲ್ಲೆ. ಅವರ ಮಟ್ಟಿಗೆ ಆ ವ್ಯುತ್ಪತ್ತಿ ಇಂದಿಗೂ ಚಾಲ್ತಿಯಲ್ಲಿದೆ.

ಧಾರವಾಡದ ಹಿರಿಯರಿಗೆ ಒಂದು ವಿನಂತಿ. ‘ಮಾಹಿತಿ’ ಮರಾಠಿಯಿಂದ ಬಂದ ಅನ್ಯದೇಶ್ಯವೇ ಹೊರತು ಸಂಸ್ಕೃತವಲ್ಲ. ಆದ್ದರಿಂದ ‘ಹಿಮ್ಮಾಹಿತಿ’ಗೆ ಅರಿಸಮಾಸದ ಆರೋಪ ಅಂಟುವುದಿಲ್ಲ. ಅಂಟುತ್ತದೆ ಎಂದೇ ಹಟ ಹಿಡಿದರೆ, ಪ್ರಶ್ನೆ ಕೇಳಿದವರ ಹಾಳೆಯಲ್ಲೇ ಇರುವ ‘ಮಳೆಗಾಲ’ವನ್ನು ಏನು ಮಾಡುವುದು? ಮಳೆ ಕನ್ನಡ, ಕಾಲ ಸಂಸ್ಕೃತ, ಆ ದೋಷದಿಂದ ವಿನಾಯಿತಿಯಿರುವ ಗಮಕ ಸಮಾಸವೂ ಅಲ್ಲ, ಕ್ರಿಯಾಸಮಾಸವೂ ಅಲ್ಲ. ಆದೇಶ ಸಂಧಿಗೆ ಉದಾಹರಣೆಯಾಗಿ ಅದನ್ನು ಶಾಲೆಯ ಮಕ್ಕಳಿಂದ ಬಾಯಿಪಾಠ ಮಾಡಿಸಿದವರಲ್ಲಿ ತಾವೂ ಒಬ್ಬರಲ್ಲವೇ?

ಧಾರವಾಡದ ನಿವೃತ್ತ ವ್ಯಾಕರಣ ಅಧ್ಯಾಪಕರು

ರೂಢಿಗೆ ಬಂದ ಅಪವಾದವನ್ನು ತೋರಿಸಿ ನಿಯಮವನ್ನು ಅಳಿಸಲಾಗದು. ಕನ್ನಡಕ್ಕೆ ಸಂಸ್ಕೃತವನ್ನು ತುಪ್ಪ ಮತ್ತು ಎಣ್ಣೆಗಳಂತೆ ಬೆರೆಸಬಾರದೆಂದು 12ನೆಯ ಶತಮಾನದಲ್ಲಿ ಕವಿ ನಯಸೇನನು ಹೇಳಿದ ಮಾತು ಬೆರಕೆಯ ಅಡುಗೆ ರೂಢಿಯಾದವರಿಗೆ ರುಚಿಸುವುದಿಲ್ಲ. ‘ಸುರಕ್ಷತೆ’ಯ ಬಗ್ಗೆ ನಾನೆತ್ತಿದ ಆಕ್ಷೇಪಕ್ಕೆ ಇದುವರೆಗೆ ಯಾರೂ ಉತ್ತರಿಸಿಲ್ಲ.

ಮೈಸೂರಿನ ಅನುವಾದಕರು

‘ಒಳ್ಳೆಯ ರಕ್ಷೆಯುಳ್ಳದ್ದು’ ಎಂಬ ಬಹುವ್ರೀಹಿ ಸಮಾಸದಲ್ಲಿ ‘ಸುರಕ್ಷ’ ಎಂಬ ವಿಶೇಷಣ ಸಿದ್ಧಿಸುತ್ತದೆ. ಅದಕ್ಕೆ ‘ತೆ’ ಸೇರಿದರೆ ಪಾಣಿನಿಯೂ ಆಕ್ಷೇಪಿಸಲಾರ. ಉತ್ತರಿಸಿದ್ದೇನೆ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆ

ವ್ಯಾಕರಣದ ಜಗಳದಲ್ಲಿ ಫಲಕದವರು ಬಂದು ಹೋಗುವ ಹೊತ್ತಾಗುತ್ತಿರುವುದರಿಂದ ಬಳಕೆಯ ಒಂದು ಮಾತನ್ನು ತಿಳಿಸುತ್ತೇನೆ. ನಮ್ಮಲ್ಲೂ ದಕ್ಷಿಣ ಕನ್ನಡದಲ್ಲೂ ತಂದೆತಾಯಿಗಳನ್ನು ಶಾಲೆಯ ಲೆಕ್ಕದಲ್ಲಿ ‘ರಕ್ಷಕರು’ ಎನ್ನುವ ರೂಢಿಯಿದೆ. ‘ರಕ್ಷಕ-ಶಿಕ್ಷಕ ಸಂಘ’ ಎಂಬ ಹೆಸರು ಇಲ್ಲಿ ಯಾರಿಗೂ ವಿಚಿತ್ರವಲ್ಲ. ಮೈಸೂರು ಕಡೆಯವರು ‘ಪೋಷಕರು’ ಎಂದೂ ಧಾರವಾಡದವರು ‘ಪಾಲಕರು’ ಎಂದೂ ಕರೆಯುವವರೇ ಇವರು. ಹೀಗಿರುವಾಗ ಶಾಲೆಯ ಹಾಳೆಯಲ್ಲಿ ‘ರಕ್ಷಣೆ’ ಎಂದು ಕಂಡರೆ ನಮ್ಮವರಿಗೆ ಅದು ಮನೆಯ ಹೊಣೆಯ ಮಾತಾಗಿ ಕೇಳಬಹುದು. ಮಲೆನಾಡಿನಲ್ಲಿ ಆ ತೊಡಕು ಬಾರದು ಎಂದುಕೊಳ್ಳುತ್ತೇನೆ. ‘ಭದ್ರತೆ’ಯನ್ನಂತೂ ಬರೆಸಬೇಡಿ, ಅದರಲ್ಲಿ ಪೊಲೀಸರ ಲಾಠಿಯೂ ಬಾಡಿಗೆ ಮನೆಯ ಠೇವಣಿಯೂ ಒಟ್ಟಿಗೆ ನೆನಪಾಗುತ್ತವೆ.

ಮಕ್ಕಳ ಹಕ್ಕುಗಳ ತರಬೇತಿ ಪಠ್ಯಗಳನ್ನು ಅನುವಾದಿಸುವವರು

ಇಲ್ಲಿಯವರೆಗಿನ ಎಲ್ಲ ಪತ್ರಗಳನ್ನು ಓದಿದೆ. ಪದ ಯಾವ ಭಾಷೆಯದು ಎಂಬ ಪ್ರಶ್ನೆಗಿಂತ, ಪೆಟ್ಟಿಗೆಗೆ ಚೀಟಿ ಹಾಕುವ ಮಗು ಆ ಪದವನ್ನು ಓದಿ ಏನೆಂದುಕೊಳ್ಳುತ್ತದೆ ಎಂಬ ಪ್ರಶ್ನೆ ಮೊದಲು ಬರಬೇಕಿತ್ತು.

ಹಾಳೆಯ ಎರಡನೆಯ ಪುಟದಲ್ಲಿ ‘ಸೇಫ್ಟಿ’ ಎಂಬ ಒಂದೇ ಪದದ ಕೆಳಗೆ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. ಕಾಲುಸಂಕ, ವೈರಿಂಗ್, ಬಸ್ಸು ಇವು ವಸ್ತು ಮತ್ತು ಜಾಗಗಳಿಂದ ಬರುವ ಅಪಾಯಗಳು. ಇವಕ್ಕೆ ‘ಸುರಕ್ಷತೆ’ ಎಂಬ ಪದ ಜನರಲ್ಲಿ ಬೇರೂರಿದೆ, ಅದನ್ನು ಕೀಳುವ ಅಗತ್ಯವಿಲ್ಲ. ದೌರ್ಜನ್ಯವಾದರೋ ಮನುಷ್ಯರಿಂದ ಬರುವುದು, ಮತ್ತು ಬಹಳ ಸಲ ಮಗುವಿಗೆ ಗೊತ್ತಿರುವ ಮನುಷ್ಯರಿಂದಲೇ ಬರುವುದು. ಕಾನೂನಿನ ಕನ್ನಡದಲ್ಲಿ ಅದಕ್ಕೆ ‘ರಕ್ಷಣೆ’ ಎಂಬ ಪದ ನಿಂತಿದೆ; 2012ರ ಪೋಕ್ಸೊ ಕಾಯ್ದೆಯನ್ನು ನಾವು ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಯ ಕಾಯ್ದೆ ಎಂದೇ ಕರೆಯುತ್ತೇವೆ. ಇವೆರಡನ್ನೂ ಒಂದೇ ತಲೆಬರಹದಡಿ ಇಟ್ಟರೆ, ಓದುವ ಶಿಕ್ಷಕರು ವೈರಿಂಗ್ ದುರಸ್ತಿಯ ವೇಗದಲ್ಲೇ, ಅಂದರೆ ಮುಂದಿನ ಸಭೆಯ ವೇಳೆಗೆ, ಆ ನಾಲ್ಕು ಸಾಲನ್ನೂ ನೋಡಿಕೊಳ್ಳೋಣ ಎಂದುಕೊಳ್ಳುತ್ತಾರೆ.

ಕ್ರಿಯಾಪದದ ಆಯ್ಕೆ ಇನ್ನೂ ಸೂಕ್ಷ್ಮವಾದದ್ದು. ಕರಡಿನ ಆ ಭಾಗದಲ್ಲಿ ‘ದೂರು ನೀಡಿ’ ಎಂದಿದ್ದರೆ ಬದಲಾಯಿಸಿ. ಕಾಯ್ದೆಯ 19ನೆಯ ಪ್ರಕರಣವು (ಸೆಕ್ಷನ್) ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಮಾಹಿತಿ ಕೊಡಬೇಕೆನ್ನುತ್ತದೆ; ಅದು ಕೇಳುವುದು ಮಾಹಿತಿಯನ್ನು, ಸಾಕ್ಷ್ಯವನ್ನಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಹೊರಿಸಲಾಗದೆಂದೂ ಅದೇ ಪ್ರಕರಣ ಹೇಳುತ್ತದೆ. ತಿಳಿಸದೆ ಉಳಿದವರಿಗೆ 21ನೆಯ ಪ್ರಕರಣದ ಪ್ರಕಾರ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಕನ್ನಡದಲ್ಲಿ ‘ದೂರು’ ಎಂದೊಡನೆ ದೂರುವವನು, ದೂರಿಸಿಕೊಂಡವನು, ಪುರಾವೆ, ಕೋರ್ಟು ಎಲ್ಲವೂ ಕಣ್ಣೆದುರು ಬಂದು ಶಿಕ್ಷಕರು ಹಿಂಜರಿಯುತ್ತಾರೆ. ‘ತಿಳಿಸಿ’ ಎಂಬ ಸರಳ ಪದ ಕಾನೂನಿಗೂ ಹತ್ತಿರ, ಮನಸ್ಸಿಗೂ ಹತ್ತಿರ.

ಇನ್ನು ಪೆಟ್ಟಿಗೆ. ‘ಪ್ರತಿಕ್ರಿಯೆ’ ಎಂದು ಬರೆಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪ್ರೌಢಶಾಲೆಯ ಮಗುವಿಗೆ ಪ್ರತಿಕ್ರಿಯೆ ಎಂದರೆ ನ್ಯೂಟನ್ನನ ಮೂರನೆಯ ನಿಯಮ. ದೊಡ್ಡವರಿಗೆ ಪತ್ರಕರ್ತರ ಮುಂದೆ ಸಚಿವರು ಹೇಳುವ ಮಾತು. ಹಿಂದಿಯ ಮೂಲಕ ಬರುವ ಕಡತಗಳಲ್ಲಿ ಕಾಣುವ ‘ಪ್ರತಿಪುಷ್ಟಿ’ ಕನ್ನಡದ ಕಿವಿಗೆ ಟಾನಿಕ್ಕಿನ ಹೆಸರು. ‘ಫೀಡ್‌ಬ್ಯಾಕ್’ ಇಂಗ್ಲಿಷಿನಲ್ಲೇ ವಿದ್ಯುನ್ಮಂಡಲಗಳಿಂದ ತರಗತಿಗೆ ಬಂದ ಪದವಾದ್ದರಿಂದ ಅದರ ಅಕ್ಷರಾರ್ಥವನ್ನು ಬೆನ್ನಟ್ಟುವುದೇ ವ್ಯರ್ಥ. ಶಿಕ್ಷಕರ ನಡುವಿನ ಹಾಳೆಯಲ್ಲಿ ‘ಹಿಮ್ಮಾಹಿತಿ’ ಇರಲಿ, ಅದು ಆ ವೃತ್ತಿಯ ಪದ. ಮಕ್ಕಳ ಚೀಟಿಯ ಮೇಲೆ ‘ಪಾಠದ ಬಗ್ಗೆ ನಿಮ್ಮ ಅನಿಸಿಕೆ’ ಎಂದು ಬರೆಯಿರಿ. ಆದರೆ ಅದೇ ಪೆಟ್ಟಿಗೆಯಲ್ಲಿ ರಕ್ಷಣೆಯ ಚೀಟಿಯೂ ಬೀಳುವಂತಿದ್ದರೆ ‘ಅನಿಸಿಕೆ’ ಎಂಬ ಪದ ಅಪಾಯಕಾರಿಯಾಗುತ್ತದೆ. ‘ಗಣಿತದ ಸರ್ ಬೇಗ ಬೇಗ ಬರೆಸುತ್ತಾರೆ’ ಎಂಬುದು ಅನಿಸಿಕೆ. ‘ಬಸ್ಸಿನಲ್ಲಿ ಒಬ್ಬರು ನನ್ನನ್ನು ಮುಟ್ಟುತ್ತಾರೆ’ ಎಂಬುದು ಅನಿಸಿಕೆಯಲ್ಲ, ನಡೆದ ಸಂಗತಿ. ಅದನ್ನು ಅನಿಸಿಕೆಗಳ ಕಟ್ಟಿನಲ್ಲಿ ಸೇರಿಸಿ ತಿಂಗಳ ಕೊನೆಗೆ ಎಣಿಸಿದರೆ ಆ ಮಗುವಿಗೆ ನಾವು ಕೊಟ್ಟ ಉತ್ತರ ಏನು? ಪೆಟ್ಟಿಗೆಗಳು ಎರಡಿರಲಿ. ಎರಡನೆಯದರ ಮೇಲೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ದೊಡ್ಡದಾಗಿರಲಿ.

ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ

ವಿಷಯದ ಗಂಭೀರತೆಯನ್ನು ಒಪ್ಪುತ್ತೇನೆ. ಆದರೆ ಗಂಭೀರವಾದುದಕ್ಕೆಲ್ಲ ಸಂಸ್ಕೃತವೇ ಬೇಕೆಂಬ ತೀರ್ಮಾನವನ್ನು ಒಪ್ಪುವುದಿಲ್ಲ. ‘ತಿಳಿಸಿ’, ‘ಅನಿಸಿಕೆ’ ಎಂಬ ಎರಡು ಅಚ್ಚಗನ್ನಡ ಪದಗಳಿಂದಲೇ ಮೇಲಿನ ಪತ್ರದ ಕೆಲಸ ನಡೆದಿದೆ ಎಂಬುದನ್ನು ಬಳಗ ಗಮನಿಸಬೇಕು.

ಧಾರವಾಡದ ನಿವೃತ್ತ ವ್ಯಾಕರಣ ಅಧ್ಯಾಪಕರು

‘ಗಂಭೀರತೆ’ ಅಲ್ಲ, ‘ಗಾಂಭೀರ್ಯ’.

ಮೈಸೂರಿನ ಅನುವಾದಕರು

‘ಗಂಭೀರ’ ವಿಶೇಷಣ, ‘ತೆ’ ಸೇರಿದರೆ ಯಾವ ದೋಷವೂ ಇಲ್ಲ. ತಮ್ಮದೇ ನಿಯಮವನ್ನು ತಾವು ಇನ್ನೊಮ್ಮೆ ಓದಿಕೊಳ್ಳುವುದು ಒಳಿತು.

ಮಲೆನಾಡಿನ ಕನ್ನಡ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಗುರುವಾರ ಸಂಜೆ ಮುಖ್ಯ ಶಿಕ್ಷಕರೊಂದಿಗೆ ಕುಳಿತು ಹಾಳೆಯನ್ನು ಹೀಗೆ ತೀರ್ಮಾನಿಸಿದೆವು. ಹೆಸರು ‘ಸಿಬ್ಬಂದಿಗೆ ತಿಂಗಳ ತಿಳಿವಳಿಕೆ’. ಸಿಹ್‌ಬಂದಿಯ ಕಥೆಯನ್ನು ಶಿಕ್ಷಕರ ಕೊಠಡಿಯಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಇಬ್ಬರು ಅತಿಥಿ ಶಿಕ್ಷಕರು, ಆದ್ದರಿಂದ ಪದ ಉಳಿಯಿತು. ಮೊದಲ ಪುಟಕ್ಕೆ ‘ಬೋಧನೆ: ಹಿಮ್ಮಾಹಿತಿ’ ಎಂದಿಟ್ಟಿದ್ದೇವೆ. ಎರಡನೆಯ ಪುಟವನ್ನು ಗೆರೆ ಎಳೆದು ಎರಡು ಮಾಡಿ, ಮೇಲೆ ‘ಮಕ್ಕಳ ರಕ್ಷಣೆ: ಅಂದೇ ತಿಳಿಸಬೇಕಾದದ್ದು’ ಎಂದೂ ಕೆಳಗೆ ‘ಶಾಲೆಯ ಸುರಕ್ಷತೆ’ ಎಂದೂ ಬರೆದಿದ್ದೇವೆ. ಆ ನಾಲ್ಕು ಸಾಲಿನಲ್ಲಿ ‘ದೂರು’ ಎಂಬ ಪದ ಮೂರು ಕಡೆ ಇತ್ತು, ಮೂರನ್ನೂ ತೆಗೆದೆವು. ಎರಡನೆಯ ಪೆಟ್ಟಿಗೆಗೆ ಆಡಳಿತ ಮಂಡಳಿಯವರು ಮೊದಲು ಒಪ್ಪಲಿಲ್ಲ, ಶಾಲೆಗೆ ಕೆಟ್ಟ ಹೆಸರು ಬರುತ್ತದೆ ಎಂದರು. 21ನೆಯ ಪ್ರಕರಣವನ್ನು ಓದಿ ಹೇಳಿದ ಮೇಲೆ ಬಡಗಿಗೆ ತಾವೇ ಫೋನ್ ಮಾಡಿದರು. ಅದರ ಮೇಲೆ ‘ನಮಗೆ ಹೇಳಬೇಕಾದದ್ದು ಇದೆಯೇ? ಬರೆದು ಹಾಕಿ, ಇಲ್ಲವೇ 1098ಕ್ಕೆ ಕರೆ ಮಾಡಿ’ ಎಂದಷ್ಟೇ ಇದೆ. ತಲೆಬರಹವಾಗಿ ಒಂದು ನಾಮಪದವನ್ನೂ ಇಡಲಿಲ್ಲ.

ಧಾರವಾಡದ ನಿವೃತ್ತ ವ್ಯಾಕರಣ ಅಧ್ಯಾಪಕರು

‘ತಿಳಿವಳಿಕೆ’ ಎಂಬ ಶುದ್ಧ ರೂಪವನ್ನೇ ಬಳಸಿದ್ದೀರಿ, ಸಂತೋಷ. ಅದು ‘ತಿಳುವಳಿಕೆ’ ಆಗದಂತೆ ನೋಡಿಕೊಳ್ಳಿರಿ.

ಮಲೆನಾಡಿನ ಕನ್ನಡ ಶಿಕ್ಷಕಿ

ಹಾಳೆಯಲ್ಲಿ ಸರಿಯಾಗಿದೆ, ಸರ್. ಸೂಚನಾ ಫಲಕದ ಮೇಲೆ ಅದೇ ಹೆಸರನ್ನು ಬರೆಯಲು ಬಂದವರು ನಾನು ತರಗತಿಯಲ್ಲಿದ್ದಾಗ ‘ತಿಳುವಳಿಕೆ’ ಎಂದು ಬರೆದು, ಬಣ್ಣ ಒಣಗಿಸಿ, ಹಣ ಪಡೆದು ಹೋಗಿದ್ದಾರೆ.