ಮಾಕಳಿಯ ಕ್ಯಾಲಸ್ (ಕೋಶಗಳ ಮುದ್ದೆ) ಚೆನ್ನಾಗಿ ಬೆಳೆದಿದೆ, ಘಮ ಮಾತ್ರ ಇಲ್ಲ. ಎಲ್ಲಿ ತಪ್ಪಿದೆ?

ಏಕಶಿಲೆ (ಮಧುಗಿರಿ):

ನಾನು ತುಮಕೂರಿನಲ್ಲಿ ಎಂಎಸ್ಸಿ ಬಾಟನಿ ಓದುತ್ತಿದ್ದೇನೆ, ಕೊನೆಯ ವರ್ಷ. ಪ್ರಾಜೆಕ್ಟಿಗೆ ಮಾಕಳಿ ಬೇರನ್ನು ಆರಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ನಮ್ಮಮ್ಮ. ಪ್ರತಿ ವರ್ಷ ಎರಡು ಜಾಡಿ ಮಾಕಳಿ ಬೇರಿನ ಉಪ್ಪಿನಕಾಯಿ ಹಾಕುತ್ತಾರೆ. ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಹೆಚ್ಚಿ ಮಜ್ಜಿಗೆಗೆ ಹಾಕುವಾಗ ಬೀದಿಯ ತುದಿಗೂ ಗೊತ್ತಾಗುತ್ತದೆ. ಈ ಸಲ ಸಂತೆಯಿಂದ ತಂದ ಬೇರು ನನ್ನ ಕಿರುಬೆರಳಿಗಿಂತ ಸಣ್ಣ. "ಎಳೇದನ್ನೇ ಕಿತ್ತಿದ್ದಾರೆ. ಬೆಟ್ಟದಲ್ಲಿ ದಪ್ಪಂದು ಉಳಿದಿಲ್ಲ ಅಂತ ಕಾಣುತ್ತೆ" ಎಂದರು ಅಮ್ಮ. ಅವತ್ತಿಂದ ಒಂದೇ ಯೋಚನೆ. ಬೆಟ್ಟ ಅಗೆಯದೆ ಆ ಘಮವನ್ನು ಫ್ಲಾಸ್ಕಿನಲ್ಲಿ ಬೆಳೆಸಲು ಆಗುತ್ತದಾ?

ಮಾಡಿದ್ದು ಹೇಳುತ್ತೇನೆ. ಎಲೆಯ ಚೂರುಗಳನ್ನು ಎಂಎಸ್ ಮಾಧ್ಯಮದಲ್ಲಿ (ಕೋಶಗಳಿಗೆ ಪೋಷಕಾಂಶ ಕೊಡುವ ಮಿಶ್ರಣ) ಇಟ್ಟೆ. ಶೇ. 3 ಸಕ್ಕರೆ, ಗಟ್ಟಿಯಾಗಲು ಅಗರ್, ಜೊತೆಗೆ 2,4-ಡಿ ಮತ್ತು ಸ್ವಲ್ಪ ಕೈನೆಟಿನ್ ಎಂಬ ಬೆಳವಣಿಗೆಯ ಹಾರ್ಮೋನುಗಳು. ಮೊದಲ ಸಲ ಕತ್ತರಿಸಿದ ಕಡೆ ಹಾಲು ಸೋರಿ ಎಲ್ಲ ಕಪ್ಪಾಯಿತು. ಎರಡನೇ ಸಲ ಬೂಷ್ಟು. ಮೂವತ್ತು ಬಾಟಲಿಗಳಲ್ಲಿ ಇಪ್ಪತ್ತಾರನ್ನು ಎಸೆದೆ, ಅವತ್ತು ಊಟ ಸೇರಲಿಲ್ಲ. ಮೂರನೇ ಸಲ, ಕಪ್ಪಾಗದಿರಲಿ ಅಂತ, ಚೂರುಗಳನ್ನು ಆಸ್ಕಾರ್ಬಿಕ್ ಆಮ್ಲದಲ್ಲಿ ಅದ್ದಿ ಇಟ್ಟೆ. ಐದು ವಾರಕ್ಕೆ ಕ್ಯಾಲಸ್ ಬಂತು. ತಿಳಿ ಹಳದಿ, ಉದುರು ಉದುರಾಗಿ ಬೆಲ್ಲದ ಪುಡಿ ಥರ. ಅದನ್ನು ದ್ರವ ಮಾಧ್ಯಮಕ್ಕೆ ಹಾಕಿ, 25 ಡಿಗ್ರಿಯಲ್ಲಿ, ಫ್ಲಾಸ್ಕ್ ಅಲ್ಲಾಡಿಸುವ ಶೇಕರನ್ನು ನಿಮಿಷಕ್ಕೆ 110 ಸುತ್ತಿಗೆ ಇಟ್ಟಿದ್ದೇನೆ. ಕೋಶಗಳು ಜಾಸ್ತಿಯಾಗುತ್ತಲೇ ಇವೆ.

ಆದರೆ ಮುಚ್ಚಳ ತೆಗೆದರೆ ಬರೀ ಹಸಿ ಸೊಪ್ಪಿನ ವಾಸನೆ. ಗಿಡ ಅದೇ, ಜೀನುಗಳು ಅವೇ. ಘಮ ಎಲ್ಲಿ ಹೋಯಿತು?

ಗುಬ್ಬಿ ಹಕ್ಕಿ:

ಮೊದಲೇ ಹೇಳುತ್ತೇನೆ, ನೀವು ಏನೂ ಹಾಳು ಮಾಡಿಲ್ಲ. ಹಾಲು ಸೋರುವ ಗಿಡದಿಂದ ಉದುರು ಕ್ಯಾಲಸ್ ತೆಗೆದಿದ್ದೀರಿ. ಅದೇ ದೊಡ್ಡ ಕೆಲಸ.

ಮಾಕಳಿಯ ಘಮ ಬರುವುದು, ವೆನಿಲಾಕ್ಕೆ ಘಮ ಕೊಡುವ ವ್ಯಾನಿಲಿನ್‌ನ ದಾಯಾದಿಯಂಥ ಆಲ್ಡಿಹೈಡ್ ಜಾತಿಯ ಒಂದು ರಾಸಾಯನಿಕದಿಂದ. ಎರಡರ ಅಣುಸೂತ್ರ ಒಂದೇ, ಜೋಡಣೆ ಬೇರೆ. ಗಿಡ ಅದನ್ನು ಬೇರಿನಲ್ಲಿ ಕೂಡಿಡುತ್ತದೆ. ನಿಮ್ಮ ಕ್ಯಾಲಸ್‌ಗೆ ಬೇರು ಅಂದರೆ ಏನು ಅನ್ನುವುದೇ ಗೊತ್ತಿಲ್ಲ. 2,4-ಡಿ ಅದಕ್ಕೆ "ಸುಮ್ನೆ ಒಂದು ಎರಡಾಗಿ ಒಡೆಯುತ್ತಾ ಹೋಗು" ಎಂದು ಹೇಳುತ್ತಿದೆ. ಒಡೆಯುವ ಕೆಲಸದಲ್ಲಿರುವ ಕೋಶ ಇಂಥ ರಾಸಾಯನಿಕಗಳ ಕಡೆ ಸಾಮಾನ್ಯವಾಗಿ ಗಮನ ಕೊಡುವುದಿಲ್ಲ. ಜೀನು ಇರುವುದು ಬೇರೆ, ಅದು ಎಚ್ಚರವಾಗಿರುವುದು ಬೇರೆ.

ಶಿಕೋನಿನ್ ಕಥೆ ಓದಿ. ಜಪಾನಿನಲ್ಲಿ ಒಂದು ಗಿಡದ ಬೇರಿನಿಂದ ತೆಗೆಯುವ ಕೆಂಪು ಬಣ್ಣ ಅದು. 1980ರ ದಶಕದಲ್ಲಿ ಮಿತ್ಸುಯಿ ಕಂಪನಿ ಆ ಗಿಡದ ಕೋಶಗಳನ್ನು ಟ್ಯಾಂಕಿನಲ್ಲಿ ಬೆಳೆಸಿ ಮಾರುಕಟ್ಟೆಗೆ ತಂದಿತು. ಲಿಪ್‌ಸ್ಟಿಕ್‌ಗೂ ಬಳಸಿದರು. ಶುರುವಿನಲ್ಲಿ ಅವರಿಗೂ ನಿಮ್ಮದೇ ಕಷ್ಟ. 2,4-ಡಿ ಇದ್ದರೆ ಬಣ್ಣ ಬರುತ್ತಿರಲಿಲ್ಲ, ಬೆಳಕು ಬಿದ್ದರೂ ಬರುತ್ತಿರಲಿಲ್ಲ, ಮಾಧ್ಯಮದಲ್ಲಿ ಅಮೋನಿಯಂ ಇದ್ದರೂ ಇಲ್ಲ. ಎಂಎಸ್‌ನಲ್ಲಿ ಅಮೋನಿಯಂ ಎಷ್ಟು ಜಾಸ್ತಿ ಇದೆ ಅಂತ ನಿಮಗೇ ಗೊತ್ತು. ಕೊನೆಗೆ ಕೆಲಸವನ್ನು ಎರಡು ಹಂತ ಮಾಡಿದರು. ಒಂದು ಮಾಧ್ಯಮ ಬೆಳೆಯೋಕೆ, ಇನ್ನೊಂದು ಬಣ್ಣ ಮಾಡೋಕೆ. ವರ್ಷಗಟ್ಟಲೆ ಬೆಳೆದ ಬೇರಿನಲ್ಲಿ ಶೇ. 1-2 ಸಿಗುತ್ತಿದ್ದದ್ದು ಕೆಲವೇ ವಾರಗಳಲ್ಲಿ ಶೇ. 10 ದಾಟಿತು.

ನಿಮಗೆ ಎರಡು ದಾರಿ ಇದೆ. ಒಂದು, ಈಗಿರುವ ಕೋಶಗಳನ್ನು 2,4-ಡಿ ಇಲ್ಲದ ಮಾಧ್ಯಮಕ್ಕೆ ಬದಲಿಸಿ, ಕತ್ತಲಲ್ಲಿಟ್ಟು, ಮಿಥೈಲ್ ಜಾಸ್ಮೊನೇಟ್ ಅಥವಾ ಯೀಸ್ಟ್ ಸಾರ ಕೊಡುವುದು. ಹುಳು ಕಡಿದಾಗ ಗಿಡ ತನ್ನೊಳಗೆ ಕೊಟ್ಟುಕೊಳ್ಳುವ ಕೂಗು ಜಾಸ್ಮೊನೇಟ್. ಯೂ ಮರದ ಕೋಶಗಳಲ್ಲಿ ಟ್ಯಾಕ್ಸಾಲ್ ಹೆಚ್ಚಿಸಲು ಇದನ್ನೇ ಬಳಸಿದರು. ಮೊದಲು ಆ ಕ್ಯಾನ್ಸರ್ ಔಷಧಿಗೆ ಮರದ ತೊಗಟೆ ಸುಲಿಯಬೇಕಿತ್ತು.

ಎರಡು, ಕ್ಯಾಲಸ್ ಬಿಟ್ಟು ಬೇರನ್ನೇ ಬೆಳೆಸುವುದು. ನನ್ನ ಒಲವು ಇದರ ಕಡೆಗೆ. ಬೇರು ಬರಿಸುವ ಹಾರ್ಮೋನುಗಳಾದ ಐಬಿಎ ಅಥವಾ ಎನ್‌ಎಎ ಕೊಟ್ಟರೆ ಚೂರುಗಳಿಂದ ನೇರವಾಗಿ ಬೇರು ಬರಿಸಬಹುದು. ಕೊರಿಯಾದಲ್ಲಿ ಜಿನ್ಸೆಂಗ್ ಬೇರುಗಳನ್ನು ಹೀಗೇ ಹತ್ತು ಸಾವಿರ ಲೀಟರಿನ ಟ್ಯಾಂಕುಗಳಲ್ಲಿ ಬೆಳೆಸಿದ್ದಾರೆ. ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಿಂದ ಬರುವ ಕೂದಲು ಬೇರು ಇನ್ನೂ ಚುರುಕು. ಆದರೆ ಅದು ಜೀನ್ ಬದಲಾದ ಬೇರು. ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು, ನಿಮ್ಮ ಪ್ರಾಜೆಕ್ಟಿಗೆ ಸಮಯ ಸಾಲದು.

ಫ್ಲಾಸ್ಕ್ ತೊಳೆಯುವವನು:

ಎರಡು ಮಾತು ಅಷ್ಟೇ. ಮೂಗನ್ನು ಮಾತ್ರ ನಂಬಬೇಡಿ. ಹಸಿರು ವೆನಿಲಾ ಕೋಡಿಗೂ ವಾಸನೆ ಇರುವುದಿಲ್ಲ, ಘಮ ಸಕ್ಕರೆಗೆ ಅಂಟಿಕೊಂಡು ಕೂತಿರುತ್ತದೆ, ಹದ ಮಾಡಿದ ಮೇಲೆ ಬಿಡುಗಡೆ. ನಿಮ್ಮ ಕೋಶಗಳ ಸಾರವನ್ನು ಟಿಎಲ್‌ಸಿ ಪ್ಲೇಟಿನ (ಸಾರದಲ್ಲಿರುವ ರಾಸಾಯನಿಕಗಳನ್ನು ಬಿಡಿಬಿಡಿಯಾಗಿ ತೋರಿಸುವ ತಟ್ಟೆ) ಮೇಲೆ, ಅಮ್ಮನ ಬೇರಿನ ಸಾರದ ಪಕ್ಕದಲ್ಲೇ ಓಡಿಸಿ ನೋಡಿ. ಇನ್ನೊಂದು, ಕರೆಂಟ್ ಹೋದಾಗ ಶೇಕರ್ ಎಷ್ಟು ಹೊತ್ತು ನಿಲ್ಲುತ್ತದೆ? ಕೋಶಗಳು ತಳಕ್ಕೆ ಕೂತರೆ ಉಸಿರಿಗೆ ಆಮ್ಲಜನಕ ಸಿಗುವುದಿಲ್ಲ.

ಪಾವಗಡದ ಕಲ್ಲುಹೊಲ:

ನನಗೆ ಲ್ಯಾಬು ಗೊತ್ತಿಲ್ಲಮ್ಮ, ಆದರೆ ಬಳ್ಳಿ ಗೊತ್ತು. ಹಿಂದೆ ಅಗೆಯುವವರು ಬೇರಿನ ಒಂದು ತುಂಡು ಬಂಡೆ ಸಂದಿಯಲ್ಲಿ ಬಿಟ್ಟು ಮಣ್ಣು ಮುಚ್ಚುತ್ತಿದ್ದರು. ಮಳೆಗೆ ಮತ್ತೆ ಚಿಗುರುತ್ತಿತ್ತು. ಈಗ ಬುಡಸಮೇತ ಹೋಗುತ್ತದೆ. ನಾನು ಬದುವಿನ ಮೇಲೆ ಬೀಜದಿಂದ ಹನ್ನೊಂದು ಬಳ್ಳಿ ಎಬ್ಬಿಸಿದ್ದೇನೆ. ಕಾಯಿ ಒಡೆದರೆ ಬೀಜ ಹತ್ತಿಯ ಹಾಗೆ ಹಾರಿಹೋಗುತ್ತದೆ, ಅದಕ್ಕೆ ಮುಂಚೆ ಬಟ್ಟೆ ಕಟ್ಟಬೇಕು. ಬೇಕಾದರೆ ಕಳಿಸುತ್ತೇನೆ. ಒಂದು ಕೇಳುತ್ತೇನೆ, ಫ್ಲಾಸ್ಕಿನ ಬೇರಿನಲ್ಲಿ ಉಪ್ಪಿನಕಾಯಿ ಆಗುತ್ತದಾ?

ಏಕಶಿಲೆ (ಮಧುಗಿರಿ):

ಕಲ್ಲುಹೊಲ ಅಣ್ಣ, ಬೀಜ ಖಂಡಿತ ಬೇಕು. ಉಪ್ಪಿನಕಾಯಿ ಆಗುವುದಿಲ್ಲ. ಕಚ್ಚಿದರೆ ಕಟುಂ ಅನ್ನುವ ದಪ್ಪ ಬೇರು ಬೆಟ್ಟದಲ್ಲೋ ನಿಮ್ಮ ಬದುವಲ್ಲೋ ಬೆಳೆಯಬೇಕು. ಆದರೆ ಬರೀ ಘಮಕ್ಕಾಗಿ, ಸಾರಕ್ಕಾಗಿ ಕೊಳ್ಳುವವರು ಇದ್ದಾರಲ್ಲ, ಅವರಾದರೂ ಫ್ಲಾಸ್ಕಿಗೆ ಬರಲಿ ಅಂತ ನನ್ನ ಆಸೆ.

ಶೇಕರ್ ಕಳೆದ ವಾರ ಒಂದು ರಾತ್ರಿ ಪೂರ್ತಿ ನಿಂತಿತ್ತು. ಅದೂ ಕಾರಣ ಇರಬಹುದು. ನಾಳೆ ಆರು ಫ್ಲಾಸ್ಕುಗಳನ್ನು 2,4-ಡಿ ಇಲ್ಲದ ಮಾಧ್ಯಮಕ್ಕೆ ಬದಲಿಸುತ್ತೇನೆ. ಮೂರಕ್ಕೆ ಯೀಸ್ಟ್ ಸಾರ, ಮೂರು ಹಾಗೇ. ಎಲ್ಲಕ್ಕೂ ಕಪ್ಪು ಕಾಗದ ಸುತ್ತುತ್ತೇನೆ. ಐಬಿಎ ಬಾಟಲಿಗಳು ಬೇರೆ. ಟಿಎಲ್‌ಸಿಗೆ ಅಮ್ಮ ಒಂದು ತುಂಡು ಬೇರು ಎತ್ತಿಟ್ಟಿದ್ದಾರೆ. ಪ್ಲೇಟಿನ ಫೋಟೋ ಇಲ್ಲೇ ಹಾಕುತ್ತೇನೆ.