ಒಂದೇ ಸಂಜೆ ಇರೋದು: ಫೈರ್ ಇನ್ ಬ್ಯಾಬಿಲಾನಾ, ಲಾಸ್ಟ್ ಡ್ಯಾನ್ಸಾ? ನೋಡಿದವ್ರು ಅನುಭವ ಹೇಳಿ

ಹಾಸನ ಕ್ಯಾಂಪ್:
ನಮಸ್ಕಾರ ಎಲ್ರಿಗೂ. ಹಾಸನದ ಹತ್ರ ಹೈಸ್ಕೂಲ್ ಹುಡುಗ್ರಿಗೆ ಸಣ್ಣದೊಂದು ಕ್ರಿಕೆಟ್ ಕ್ಯಾಂಪ್ ನಡೆಸ್ತೀನಿ. ಮಳೆ ಹಿಡ್ಕೊಂಡ್ರೆ ಗ್ರೌಂಡ್ ಒಣಗೋದೇ ಇಲ್ಲ, ಅದಕ್ಕೆ ಒಂದ್ ಸಂಜೆ ಸಮುದಾಯ ಭವನದಲ್ಲಿ ಪ್ರೊಜೆಕ್ಟರ್ ಹಾಕಿ ಒಳ್ಳೆ ಟೀಮ್ ಬಗ್ಗೆ ಡಾಕ್ಯುಮೆಂಟರಿ ತೋರಿಸೋಣ ಅಂತ ಇದೀನಿ. ತಲೇಲಿ ಇರೋದು ವೆಸ್ಟ್ ಇಂಡೀಸ್ ಕ್ರಿಕೆಟ್ ಟೀಮ್ ಕಥೆ ಹೇಳೋ ಫೈರ್ ಇನ್ ಬ್ಯಾಬಿಲಾನ್, ಇಲ್ಲಾಂದ್ರೆ ಅಮೆರಿಕದ ಶಿಕಾಗೋ ಬುಲ್ಸ್ ಬಾಸ್ಕೆಟ್‌ಬಾಲ್ ಟೀಮ್ ಮೇಲಿನ ದ ಲಾಸ್ಟ್ ಡ್ಯಾನ್ಸ್. ಹುಡುಗ್ರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಹಿಂದಿ ಇನ್ನೂ ಕಮ್ಮಿ. ಸಿನಿಮಾ ಎರಡು ಗಂಟೆಗಿಂತ ಉದ್ದ ಆದ್ರೆ ಲಾಸ್ಟ್ ಬಸ್ ಸಿಗಲ್ಲ. ಯಾವ್ದು ತೋರಿಸ್ಲಿ?

ಬಸವನಗುಡಿ ಬಾಲ್ಕನಿ:
ಫೈರ್ ಇನ್ ಬ್ಯಾಬಿಲಾನ್ ಸಾರ್, ಬೇರೆ ಮಾತೇ ಬೇಡ. ನಾನು ಅದಕ್ಕೆ ಸುರಿದಿರೋ ದುಡ್ಡು ಕೇಳಿ. ಡಿವಿಡಿ ಇಂಗ್ಲೆಂಡಿಂದ ತರಿಸ್ದೆ, ಡಿಸ್ಕ್‌ಗೆ 1,200, ಶಿಪ್ಪಿಂಗ್ 900, ಅದ್ರ ಮೇಲೆ ಕಸ್ಟಮ್ಸ್ ಅಂತ 380, ಪೋಸ್ಟ್‌ಮ್ಯಾನ್ ಬಾಗ್ಲಲ್ಲೇ ನಿಂತು ವಸೂಲಿ ಮಾಡ್ಕೊಂಡ. ಹಾಕಿದ್ರೆ ಮನೆ ಪ್ಲೇಯರ್ ಓದಲ್ಲ, ಯಾಕಂದ್ರೆ ಅಲ್ಲಿನ ಡಿಸ್ಕ್ ರೀಜನ್ ಎರಡು, ನಮ್ದು ರೀಜನ್ ಐದು. ಎಸ್‌ಪಿ ರೋಡ್ ಪೂರ್ತಿ ಸುತ್ತಿ ಎಲ್ಲಾ ರೀಜನ್ ಓಡೋ ಪ್ಲೇಯರ್ ಹುಡುಕಿದೆ, 2,400. ಒಟ್ಟು ಐದು ಸಾವಿರದ ಹತ್ರ ಬಿತ್ತು, ಒಂದ್ ರೂಪಾಯಿನೂ ದಂಡ ಆಗ್ಲಿಲ್ಲ. 1975-76ರಲ್ಲಿ ಆಸ್ಟ್ರೇಲಿಯಾಗೆ ಹೋಗಿ ಲಿಲ್ಲಿ, ಥಾಮ್ಸನ್ ಕೈಲಿ ಹೊಡೆಸ್ಕೊಂಡು 5-1ರಲ್ಲಿ ಸೋತು ಬಂದ ಟೀಮು, ಕ್ಯಾಪ್ಟನ್ ಕ್ಲೈವ್ ಲಾಯ್ಡ್ ಅದನ್ನ ಹ್ಯಾಗೆ ಎತ್ತಿ ನಿಲ್ಲಿಸಿದ್ರು ಅಂತ ನೋಡ್ಬೇಕು. ಬ್ಯಾಟ್ಸ್‌ಮನ್ ವಿವ್ ರಿಚರ್ಡ್ಸ್ ಮಾತಾಡೋವಾಗ ಮೈ ಜುಮ್ ಅನ್ನತ್ತೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ನಡೀತಿದ್ದಾಗ ಅಲ್ಲಿಗೆ ಬಾ ಅಂತ ದುಡ್ಡಿನ ರಾಶಿ ಇಟ್ರೂ ಹೋಗಲ್ಲ ಅಂದ ಮನುಷ್ಯ. ನಮ್ಮಪ್ಪ 1976ರಲ್ಲಿ ಜಮೈಕಾದ ಸಬೀನಾ ಪಾರ್ಕಲ್ಲಿ ಭಾರತ ಆಡಿದ ಟೆಸ್ಟ್ ಮ್ಯಾಚ್ ಸುದ್ದಿ ಪೇಪರಲ್ಲಿ ಓದಿ ಊಟ ಬಿಟ್ಟೋರು, ಗಾರ್ನರ್, ಕ್ರಾಫ್ಟ್, ಹೋಲ್ಡಿಂಗ್ ಸೇರ್ಕೊಂಡು ನಮ್ ವಿಶ್ವನಾಥ್ ಬೆರಳು ಮುರಿದಿದ್ದು ನೆನೆಸ್ಕೊಂಡು ಈಗ್ಲೂ ಬೈತಾರೆ, ಅಂಥವ್ರೂ ಪೂರ್ತಿ ಕೂತು ನೋಡಿದ್ರು.

ಹುಬ್ಬಳ್ಳಿ ಆಫ್‌ಸ್ಪಿನ್:
ಗಾರ್ನರ್, ಕ್ರಾಫ್ಟ್ ಇಬ್ರೂ ಆ ಮ್ಯಾಚ್‌ನಾಗ ಇರಲೇ ಇಲ್ರೀ. ಅವ್ರು ಟೆಸ್ಟ್ ಆಡಾಕ ಶುರು ಮಾಡಿದ್ದ 1977ರಾಗ. ಸಬೀನಾ ಪಾರ್ಕ್‌ನಾಗ ಹಾಕಿದ್ದು ಹೋಲ್ಡಿಂಗ್, ಡ್ಯಾನಿಯಲ್, ಹೋಲ್ಡರ್, ಜೂಲಿಯನ್. ರಾಬರ್ಟ್ಸ್ ಸುದ್ದಾ ಇರಲಿಲ್ಲ. ಐದ್ ಸಾವಿರ ಖರ್ಚ ಮಾಡಿ ಸಿನಿಮಾ ನೋಡಿದವ್ರು ಸ್ಕೋರ್‌ಕಾರ್ಡ್ ಒಂದ್ಸಲ ನೋಡಬೇಕಿತ್ತು. ಮತ್ತ ಆ ಪಿಕ್ಚರ್‌ನಾಗ ಮಾತಾಡೋರೆಲ್ಲ ಒಂದ ಕಡೀ ಮಂದಿ. ಗಾಯಕ್ವಾಡ್ ಕಿವಿಗೆ ಬಿತ್ತು, ಬ್ರಿಜೇಶ್ ಪಟೇಲ್ ಬಾಯಿಗೆ ಬಿತ್ತು, ನಮ್ಮ ಕ್ಯಾಪ್ಟನ್ ಬೇಡಿ 306ಕ್ಕ 6 ಇದ್ದಾಗ ಡಿಕ್ಲೇರ್ ಮಾಡಿದ್ರು, ಎರಡನೇ ಇನಿಂಗ್ಸ್‌ನಾಗ 97, ಐದು ಮಂದಿ ಬ್ಯಾಟ್ ಹಿಡಿಯೋ ಸ್ಥಿತಿಯೊಳಗ ಇರಲಿಲ್ಲ. ಇದನ್ನ ಅನುಭವಿಸಿದವ್ರನ್ನ ಒಬ್ಬರನ್ನರ ಕೂಡಿಸಿ ಕೇಳಿದ್ರ? ನಮ್ಮ ಹುಡುಗರಿಗೆ ಅದನ್ನ ತೋರಿಸಿ ಚಪ್ಪಾಳಿ ಹೊಡಿ ಅನ್ನೋದು ನನಗ ಒಪ್ಪಂಗಿಲ್ಲ.

ಬಸವನಗುಡಿ ಬಾಲ್ಕನಿ:
ಹೆಸರು ಹಿಡ್ಕೊಂಡು ಜಗಳ ಬೇಡ ಸ್ವಾಮಿ, ಬೆರಳು ಮುರಿದಿದ್ದು ಮುರಿದಿದ್ದೇ. ಇಷ್ಟು ವರ್ಷ ಎಲ್ಲಾ ಕಥೆನೂ ಇಂಗ್ಲಿಷಿನೋರೇ ಬರೆದಿದ್ದು, ವೆಸ್ಟ್ ಇಂಡೀಸಿನೋರು ಒಂದ್ಸಲ ತಮ್ಮ ಕಥೆ ತಾವೇ ಹೇಳ್ಕೊಂಡ್ರೆ ಏನ್ ತಪ್ಪು? 1976ರಲ್ಲಿ ಇಂಗ್ಲೆಂಡ್ ಕ್ಯಾಪ್ಟನ್ ಟೋನಿ ಗ್ರೆಗ್ ಟಿವಿ ಮುಂದೆ ಕೂತು ಇವ್ರನ್ನ ಮೊಣಕಾಲೂರಿಸ್ತೀನಿ ಅನ್ನೋ ಅರ್ಥದಲ್ಲಿ ಮಾತಾಡಿದ್ದಕ್ಕೆ ಓವಲ್‌ನಲ್ಲಿ ಹೋಲ್ಡಿಂಗ್ 14 ವಿಕೆಟ್ ತಗೊಂಡು ಉತ್ತರ ಕೊಟ್ಟ. ಅದನ್ನ ನೋಡಿ ಬೆಳೀಬೇಕು ಹುಡುಗ್ರು.

ಶಿಕಾಗೋ ಹತ್ರದವ:
ಒಂದೇ ಕಡೆಯವರ ಮಾತು ಅಂದ್ರಲ್ಲ, ಲಾಸ್ಟ್ ಡ್ಯಾನ್ಸ್ ಕಥೆನೂ ಕೇಳಿ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನಲ್ಲಿ ಬಂತು, ಜೂನ್‌ಗೆ ಬರಬೇಕಿದ್ದನ್ನ ಮುಂಚೆನೇ ತಂದ್ರು, ವಾರಕ್ಕೆ ಎರಡರಂತೆ ಹತ್ತು ಎಪಿಸೋಡು. ಆಟ ಯಾವ್ದೂ ಇಲ್ದೆ ಒಣಗಿ ಹೋಗಿದ್ವಿ ನಾವೆಲ್ಲ. 1997-98ರ ಸೀಸನ್ ಪೂರ್ತಿ ಕ್ಯಾಮೆರಾದವ್ರನ್ನ ಡ್ರೆಸ್ಸಿಂಗ್ ರೂಮ್ ಒಳಗೆ ಬಿಟ್ಕೊಂಡಿದ್ರಲ್ಲ, ಆ ಫೂಟೇಜ್ ನೋಡೋಕೆ ಪುಣ್ಯ ಮಾಡಿರ್ಬೇಕು. ಆದ್ರೆ ತಯಾರಿಸಿದವ್ರಲ್ಲಿ ಆ ಟೀಮಿನ ಸ್ಟಾರ್ ಮೈಕಲ್ ಜೋರ್ಡನ್ ಅವರ ಕಂಪನಿನೂ ಒಂದು. ಅವ್ರ ಜೊತೆ ಆಡಿದ ಪಿಪ್ಪೆನ್ 1991ರಲ್ಲಿ ಏಳು ವರ್ಷಕ್ಕೆ 18 ಮಿಲಿಯನ್ ಡಾಲರ್‌ಗೆ ಸಹಿ ಹಾಕಿ ಸಿಕ್ಕಾಕ್ಕೊಂಡು ಕಡಿಮೆ ದುಡ್ಡಿಗೆ ದುಡಿದೋರು, ಅವ್ರನ್ನ ತೋರಿಸಿದ ರೀತಿ ನೋಡಿ ಅವ್ರೇ ಬೇಜಾರು ಮಾಡ್ಕೊಂಡ್ರು. ಅದೇ ಟೀಮಿನ ಹಳೇ ಆಟಗಾರ ಹೊರೇಸ್ ಗ್ರಾಂಟ್ ಬಹಿರಂಗವಾಗಿ ಕಿಡಿ ಕಾರಿದ್ರು. ಮೂರು ಚಾಂಪಿಯನ್‌ಶಿಪ್‌ನಲ್ಲಿ ಸೆಂಟರ್ ಆಗಿ ಆಡಿದ ಲೂಕ್ ಲಾಂಗ್ಲಿನ ಮಾತಾಡಿಸಲೇ ಇಲ್ಲ!

ಎಲ್ಲಕ್ಕಿಂತ ನೋವು ಜೆರ್ರಿ ಕ್ರೌಸ್ ಬಗ್ಗೆ. ಆ ಟೀಮ್ ಕಟ್ಟಿದ ಜನರಲ್ ಮ್ಯಾನೇಜರ್ ಅವ್ರು, 2017ರಲ್ಲೇ ತೀರ್ಕೊಂಡಿದ್ರು. ಸರಣಿಯಲ್ಲಿ ಅವ್ರನ್ನ ವಿಲನ್ ಮಾಡಿ ಕೂರಿಸಿದ್ರು, ಉತ್ತರ ಕೊಡೋಕೆ ಮನುಷ್ಯನೇ ಇಲ್ಲ. 2024ರ ಜನವರೀಲಿ ಬುಲ್ಸ್‌ನೋರು ಹಳಬರಿಗೆ ಗೌರವ ಕೊಡೋಕೆ ರಿಂಗ್ ಆಫ್ ಆನರ್ ಅಂತ ಕಾರ್ಯಕ್ರಮ ಇಟ್ಟಿದ್ರು, ನಾನು ಮಗನ್ನ ಕರ್ಕೊಂಡು ಹೋಗಿದ್ದೆ. ಟಿಕೆಟ್ ಎರಡಕ್ಕೆ 310 ಡಾಲರ್, ಅದ್ರ ಮೇಲೆ ಬುಕಿಂಗ್ ಫೀಸ್ ಅಂತ 64, ಪಾರ್ಕಿಂಗ್ 40, ಹೊರಗಡೆ ಹಿಮ. ಜೋರ್ಡನ್ನೂ ಬರಲಿಲ್ಲ, ಪಿಪ್ಪೆನ್ನೂ ಬರಲಿಲ್ಲ. ಕ್ರೌಸ್ ಹೆಸರು ಕೂಗ್ತಿದ್ದಂಗೆ ಜನ ಬೂ ಅಂತ ಕೂಗಿದ್ರು, ಅವ್ರ ಹೆಂಡತಿ ಅಲ್ಲೇ ಕೂತು ಅಳ್ತಾ ಇದ್ರು. ಪಕ್ಕದಲ್ಲಿ ಕೂಗ್ತಿದ್ದ ಹುಡುಗನ್ನ ಯಾಕಪ್ಪಾ ಅಂತ ಕೇಳಿದೆ, ಲಾಸ್ಟ್ ಡ್ಯಾನ್ಸ್ ನೋಡಿಲ್ವಾ ನೀವು ಅಂದ. ಆರು ಕಪ್ ಗೆಲ್ಲಿಸಿದ ಟೀಮ್ ಕಟ್ಟಿದೋನಿಗೆ ಒಂದು ಸರಣಿ ಮಾಡಿದ ಅನ್ಯಾಯ ಇದು. ಅವತ್ತಿಂದ ನನಗೆ ಅದನ್ನ ಹಾಕೋಕೆ ಕೈ ಬರಲ್ಲ.

ಗಾಬಾ ಪ್ರೇಮಿ:
ಹೊರಗಿನೋರ ಕಥೆ ಯಾಕೆ ಗುರು, ನಮ್ದೇ ಇದೆಯಲ್ಲ, 2020-21ರ ಆಸ್ಟ್ರೇಲಿಯಾ ಟೂರ್ ಮೇಲೆ ಬಂದೋಂ ಮೇ ಥಾ ದಮ್, ನಾಲ್ಕೇ ಎಪಿಸೋಡು. ಅಡಿಲೇಡಲ್ಲಿ 36ಕ್ಕೆ ಆಲೌಟು, ಕೊಹ್ಲಿ ವಾಪಸ್ಸು, ಶಮಿ ಕೈ ಮುರೀತು, ಆಮೇಲೆ ನಮ್ ರಾಹುಲ್ ಮಣಿಕಟ್ಟು ಉಳುಕಿಸ್ಕೊಂಡು ಮನೆಗೆ. ಸಿಡ್ನಿಲಿ ವಿಹಾರಿ ಓಡೋಕಾಗ್ದೆ 161 ಬಾಲ್ ನಿಂತ್ಕೊಂಡು 23 ಹೊಡೆದಿದ್ದು ನನಗೆ ಸೆಂಚುರಿಗಿಂತ ದೊಡ್ಡದು. ಬ್ರಿಸ್ಬೇನಿನ ಗಾಬಾ ಗ್ರೌಂಡಲ್ಲಿ 1988ರಿಂದ ಸೋಲದೇ ಇದ್ದೋರ್ನ 328 ಚೇಸ್ ಮಾಡಿ ಸೋಲಿಸಿದ್ದು, ಪಂತ್ 89 ನಾಟೌಟ್. ಇದಕ್ಕಿಂತ ಪಾಠ ಬೇಕಾ ಹುಡುಗ್ರಿಗೆ?

ಆದ್ರೆ ನನ್ ಸಂಕಟ ಕೇಳಿ. ಇದೊಂದನ್ನ ನೋಡೋಕೆ ಅಂತ ಒಂದು ಆಪ್‌ಗೆ ಇಡೀ ವರ್ಷದ ಚಂದಾ ಕಟ್ದೆ. ಟಿವಿಲಿ ಲಾಗಿನ್ ಆಗಲ್ಲ, ಓಟಿಪಿ ಹಳೆ ನಂಬರ್‌ಗೆ ಹೋಗತ್ತೆ, ಆ ಸಿಮ್ ಅಮ್ಮನ ಫೋನಲ್ಲಿ, ಅಮ್ಮ ಶಿರಸೀಲಿ. ಕೊನೆಗೆ ಮೊಬೈಲಲ್ಲಿ ನೋಡೋಣ ಅಂದ್ರೆ ಪ್ರತಿ ಎಪಿಸೋಡ್ ಮಧ್ಯೆ ನಿಂತೋಗೋದು. ಕಸ್ಟಮರ್ ಕೇರ್‌ನೋರು ಕ್ಯಾಶೆ ಕ್ಲಿಯರ್ ಮಾಡಿ ಅನ್ನೋದು ಬಿಟ್ರೆ ಬೇರೆ ಹೇಳಲ್ಲ. ಆಮೇಲೆ ಅಪ್ಪನಿಗೆ ತೋರಿಸೋಣ ಅಂತ ತೆಗೆದ್ರೆ ಆ ಆಪೇ ಇನ್ನೊಂದ್ರ ಜೊತೆ ಸೇರ್ಕೊಂಡಿದೆ, ಹೊಸದಕ್ಕೆ ಬೇರೆ ಚಂದಾ. ಡಿಸ್ಕ್ ಇಟ್ಕೊಂಡಿರೋ ಬಸವನಗುಡಿಯೋರೇ ಪುಣ್ಯವಂತರು.

ಮರೀನಾ ಮಂಜ:
ಚೆನ್ನೈ ಸೂಪರ್ ಕಿಂಗ್ಸ್ ಮೇಲಿನ ರೋರ್ ಆಫ್ ದ ಲಯನ್ ಯಾರೂ ಹೇಳ್ಲಿಲ್ಲ? ನಾನು ಮಂಡ್ಯದೋನು, ಕೆಲಸ ಚೆನ್ನೈಲಿ. ಎರಡು ವರ್ಷ ಸಸ್ಪೆಂಡ್ ಆಗಿ, ವಯಸ್ಸಾದೋರ ಟೀಮ್ ಅಂತ ಅನ್ನಿಸ್ಕೊಂಡು 2018ರಲ್ಲಿ ವಾಪಸ್ ಬಂದು ಕಪ್ ಎತ್ತಿದ್ದು, ಫೈನಲಲ್ಲಿ ವಾಟ್ಸನ್ 117. ಧೋನಿ ಬಾಯಿ ಬಿಟ್ಟು ಮಾತಾಡೋದೇ ಅಪರೂಪ, ಅದ್ರಲ್ಲಿ ಮಾತಾಡಿದಾರೆ. ಈ ಒಂದು ಕಾರಣಕ್ಕೆ ಮದ್ದೂರು ಕಡೆ ಸ್ನೇಹಿತ್ರು ಎಷ್ಟು ಮಾತಾಡ್ತಾರೆ ಗೊತ್ತಾ, ಮದುವೇಲಿ ಊಟಕ್ಕೆ ಕೂತ್ರೂ ಬಿಡಲ್ಲ.

ಕೆಂಪು ಕೋಟೆ ರವಿ:
ಫಿಕ್ಸಿಂಗ್ ಗಲಾಟೇಲಿ ಸಸ್ಪೆಂಡ್ ಆದ ಟೀಮ್‌ನ ಹುಡುಗ್ರಿಗೆ ತೋರಿಸ್ಬೇಕಾ? ಹದಿನೆಂಟು ವರ್ಷ ಕಪ್ ಇಲ್ದೆ ಪ್ರತಿ ಸಲ ಸ್ಟೇಡಿಯಂ ತುಂಬಿಸಿದೋರು ನಾವು ಆರ್‌ಸಿಬಿಯೋರು. 2025ರ ಜೂನ್ 3ಕ್ಕೆ ಅಹಮದಾಬಾದಲ್ಲಿ ಪಂಜಾಬ್ ಮೇಲೆ 6 ರನ್ನಲ್ಲಿ ಗೆದ್ವಲ್ಲ, ಡಾಕ್ಯುಮೆಂಟರಿ ಮಾಡೋದಾದ್ರೆ ಅದನ್ನ ಮಾಡ್ಲಿ. ಮಂಡ್ಯದೋನಾಗಿ ಹಳದಿ ಹಾಕ್ಕೊಂಡು ಇಲ್ಲಿ ಬಂದು ಹೇಳೋಕೆ ನಿಮಗೆ ಮನಸ್ಸಾದ್ರೂ ಹೆಂಗ್ ಬಂತು?

ಮರೀನಾ ಮಂಜ:
ಅಣ್ಣಾ, ನನ್ನ ಅನ್ನ ಇರೋ ಊರಿನ ಟೀಮ್‌ನ ಇಷ್ಟಪಟ್ರೆ ನಿಮ್ಗೇನ್ ಕಷ್ಟ? ಮಂಡ್ಯದ ಬಗ್ಗೆ ನನಗೆ ಪಾಠ ಬೇಡ. ತಪ್ಪು ಮಾಡಿದ್ದು ಆಡಳಿತದಲ್ಲಿದ್ದೋರು, ಶಿಕ್ಷೆ ತಿಂದಿದ್ದು ಆಟಗಾರ್ರು ಮತ್ತೆ ನಾವು.

ಮೈಸೂರು ಮೀಡಿಯಂ ಪೇಸ್:
ಐಪಿಎಲ್ ಜಗಳ ಬೇರೆ ಕಡೆ ಇಟ್ಕೊಳ್ಳಿ ಇಬ್ರೂ. ಲೆಜೆಂಡರಿ ಟೀಮ್ ಅಂದ ತಕ್ಷಣ ಎಲ್ರಿಗೂ ಗಂಡಸ್ರ ಟೀಮೇ ನೆನಪಾಗೋದು ನೋಡಿ ಬೇಜಾರಾಯ್ತು. ನಾನು ಯೂನಿವರ್ಸಿಟಿಗೆ ಆಡಿದೋಳು. ಕಿಟ್ ನಮ್ದೇ ದುಡ್ಡು, ಪ್ಯಾಡು ಗಂಡ್ಮಕ್ಕಳ ಸೈಜಿಂದು, ತೊಡೆವರೆಗೂ ಬರೋದು, ರನ್ ಓಡೋಕೆ ಆಗ್ತಿರ್ಲಿಲ್ಲ. ಒಂದ್ ಜೊತೆ ಸ್ಪೈಕ್ಸ್ ತಗೋಳ್ಳೋಕೆ ಅಮ್ಮ ಚೀಟಿ ದುಡ್ಡು ಮುಂಚೆನೇ ಎತ್ತಿ ಕೊಟ್ರು, ಅದ್ರ ಬಡ್ಡಿ ಲೆಕ್ಕ ಮನೇಲಿ ಇವತ್ತಿಗೂ ಬರತ್ತೆ. ನಮಗಿಂತ ಮುಂಚಿನೋರ ಕಷ್ಟ ಇನ್ನೂ ದೊಡ್ಡದು, ರಿಸರ್ವೇಶನ್ ಇಲ್ದೆ ರೈಲಲ್ಲಿ ಹೋಗಿ ಡಾರ್ಮಿಟರೀಲಿ ಮಲಗಿ ದೇಶಕ್ಕೆ ಆಡಿದಾರೆ. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ ಕ್ಯಾಪ್ಟನ್ ಆಗಿ 1976ರಲ್ಲಿ ಪಾಟ್ನಾದಲ್ಲಿ ಭಾರತದ ಹೆಂಗಸ್ರಿಗೆ ಮೊದಲ ಟೆಸ್ಟ್ ಗೆಲುವು ತಂದ್ರು, ಎದುರಾಳಿ ಇದೇ ವೆಸ್ಟ್ ಇಂಡೀಸ್. ಸಬೀನಾ ಪಾರ್ಕಲ್ಲಿ ಗಂಡಸ್ರು ಹೊಡೆಸ್ಕೊಂಡ ಅದೇ ವರ್ಷ! ಆ ಮ್ಯಾಚ್ ಯಾರಿಗೆ ನೆನಪಿದೆ? ಈಗ 2025ರಲ್ಲಿ ನಮ್ಮೋರು ವರ್ಲ್ಡ್ ಕಪ್ ಗೆದ್ದಿದಾರೆ, ಕ್ಯಾಮೆರಾ ಎಲ್ಲಾ ಕಡೆ ಇದೆ, ತುಂಬಾ ಖುಷಿ. ಆದ್ರೆ ಹಳಬರಲ್ಲಿ ಹಲವ್ರು ಇನ್ನೂ ನಮ್ಮ ಜೊತೆ ಇರೋವಾಗ್ಲೇ ಒಬ್ರು ಕ್ಯಾಮೆರಾ ತಗೊಂಡು ಅವ್ರ ಮನೆಗೆ ಹೋಗ್ಬೇಕು.

ಹುಬ್ಬಳ್ಳಿ ಆಫ್‌ಸ್ಪಿನ್:
ಅಕ್ಕಾರ ಹೇಳಿದ್ದು ಖರೇ ಮಾತು. ನನ್ನ ಹೊಟ್ಟಿ ಉರಿನೂ ಅದ. ಕರ್ನಾಟಕ ಎಂಟು ಸಲ ರಣಜಿ ಗೆದ್ದದ. 1973-74ರಾಗ ಬಾಂಬೆ ಸತತ ಹದಿನೈದು ಸಲ ಗೆದ್ದು ಕುಂತಿತ್ತು, ಅದನ್ನ ಬೆಂಗಳೂರಿನ ಸೆಮಿಫೈನಲ್‌ನಾಗ ನಿಲ್ಲಿಸಿದವ್ರು ನಾವು. ಪ್ರಸನ್ನ ಕ್ಯಾಪ್ಟನ್, ಗವಾಸ್ಕರ್‌ನ ಬೌಲ್ಡ್ ಮಾಡಿದ ಬಾಲ್ ಬಗ್ಗೆ ಹಿರಿಯರು ಇವತ್ತಿಗೂ ಕೈ ತಿರುಗಿಸಿ ತೋರಸ್ತಾರ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ ಸೆಂಚುರಿ. 1995-96ರಾಗ ನಮ್ಮ ಗದಗಿನ ಸುನಿಲ್ ಜೋಶಿ ಒಂದ ಸೀಸನ್‌ನಾಗ ಐನೂರರ ಮ್ಯಾಲೆ ರನ್ನು, ಐವತ್ತರ ಮ್ಯಾಲೆ ವಿಕೆಟ್ಟು. ಮುಂಜಾನೆ ಗದಗಿಂದ ಹುಬ್ಬಳ್ಳಿಗೆ ಪ್ರ್ಯಾಕ್ಟೀಸ್‌ಗೆ ಬಂದು ತಿರುಗಿ ಸಾಲಿಗೆ ಹೋಗ್ತಿದ್ದ ಮನುಷ್ಯಾ. ನಾ ಒಂದ್ ಸಣ್ಣ ವಿಡಿಯೋ ಮಾಡಬೇಕಂತ ಹೊಂಟೆ. ಬಾಡಿಗಿ ಕ್ಯಾಮೆರಾ ದಿನಕ್ಕ 1,500, ಮೈಕ್ 400, ಎಡಿಟಿಂಗ್‌ನವ ಮುಂಗಡ ಅಂತ 8,000 ತಗೊಂಡು ಫೋನ್ ಎತ್ತೋದು ಬಿಟ್ಟ. ಹಳೇ ಮ್ಯಾಚ್ ತುಣುಕು ಕೇಳಿದ್ರ ಒಬ್ಬರು ಟೇಪ್ ಅಳಿಸಿ ಹೋಗೇದ ಅಂತಾರ, ಇನ್ನೊಬ್ಬರು ಸೆಕೆಂಡಿನ ಲೆಕ್ಕದಾಗ ರೊಕ್ಕ ಕೇಳ್ತಾರ. ಮುಂಬೈ ಮ್ಯಾಲೆ ಮೈಸೂರಿನಾಗ 2010ರ ಫೈನಲ್ ಆರು ರನ್‌ಲೇ ಸೋತಿವಲ್ಲ, ಮನೀಶ್ ಪಾಂಡೆ 144 ಹೊಡದ ಮ್ಯಾಚು, ಅದರ ಮ್ಯಾಲೆ ಒಂದ ಮೂರು ತಾಸಿನ ಡಾಕ್ಯುಮೆಂಟರಿ ಆಗತ್ತ.

ಬಸವನಗುಡಿ ಬಾಲ್ಕನಿ:
ಆ ಸೆಮಿಫೈನಲ್ ನಮ್ಮಪ್ಪ ಸ್ಟ್ಯಾಂಡಲ್ಲೇ ಕೂತು ನೋಡಿದೋರು. ಬಾಂಬೆಯ ವಾಡೇಕರ್ ಜಾರಿ ಬಿದ್ದು ರನೌಟ್ ಆಗದೇ ಇದ್ದಿದ್ರೆ ಕಥೆ ಬೇರೆ ಆಗ್ತಿತ್ತು ಅಂತಾರೆ.

ಹುಬ್ಬಳ್ಳಿ ಆಫ್‌ಸ್ಪಿನ್:
ಜಾರಿದ್ದಕ್ಕ ಗೆದ್ದಿವಿ ಅಂತಿರೇನು? ಫೀಲ್ಡರ್ ಬಾಲ್ ಎತ್ತಿ ಒಗದಿದ್ದಕ್ಕ ಔಟಾದ್ರು. ಪ್ರಸನ್ನ, ಚಂದ್ರಶೇಖರ್ ಬೌಲಿಂಗ್‌ನ ಅರ್ಧಕ್ಕ ಇಳಿಸಿ ಮಾತಾಡಬ್ಯಾಡ್ರಿ. ವೆಸ್ಟ್ ಇಂಡೀಸ್‌ನವ್ರನ್ನ ಹೊಗಳಾಕ ಐದ್ ಸಾವಿರ, ನಮ್ಮವ್ರ ಗೆಲುವಿಗೆ ಮಾತ್ರ ಅದೃಷ್ಟ ಅನ್ನೋದು!

ಬಸವನಗುಡಿ ಬಾಲ್ಕನಿ:
ಅದೃಷ್ಟ ಅಂತ ನಾನೆಲ್ಲಿ ಅಂದೆ? ಅಲ್ಲಿ ಕೂತು ನೋಡಿದೋರ ಮಾತು ಹೇಳ್ದೆ. ಪ್ರಸನ್ನ ಅವರ ಫೋಟೋ ನಮ್ಮನೆ ಹಾಲಲ್ಲಿದೆ, ಬಂದು ನೋಡಿ.

ಹಾಸನ ಕ್ಯಾಂಪ್:
ಎಲ್ರಿಗೂ ಥ್ಯಾಂಕ್ಸ್. ಲಾಸ್ಟ್ ಡ್ಯಾನ್ಸ್ ಹತ್ತು ಎಪಿಸೋಡ್ ನಮ್ ಟೈಮಿಗೆ ಆಗಲ್ಲ, ಬ್ಯಾಬಿಲಾನ್ ಒಂದೂವರೆ ಗಂಟೆ ಒಳಗೆ ಮುಗಿಯತ್ತೆ. ಅದನ್ನೇ ಹಾಕ್ತೀನಿ, ಭಾರತದ ಭಾಗ ಬಂದಾಗ ನಿಲ್ಲಿಸಿ, ಅದೇ 1976ರ ಟೂರಲ್ಲಿ ಸಬೀನಾ ಪಾರ್ಕ್‌ಗಿಂತ ಮುಂಚೆ ಪೋರ್ಟ್ ಆಫ್ ಸ್ಪೇನಲ್ಲಿ ನಾವು 406 ಹೊಡೆದು ಗೆದ್ದಿದ್ದು, ಅದ್ರಲ್ಲಿ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ 49 ನಾಟೌಟ್, ಆಮೇಲಿನ ಮ್ಯಾಚಲ್ಲಿ ಅವ್ರಿಬ್ರಿಗೂ ಏನಾಯ್ತು ಅಂತ ನಾನೇ ಹೇಳ್ತೀನಿ. ಬಸವನಗುಡಿ ಸಾರ್, ಡಿಸ್ಕಲ್ಲಿ ಸಬ್‌ಟೈಟಲ್ ಇದೆಯಾ? ಕನ್ನಡದಲ್ಲಿ ಮಧ್ಯೆ ಮಧ್ಯೆ ಹೇಳೋಕೆ ಓದ್ಕೊಳ್ಳೋದು ಬೇಕು.

ಬಸವನಗುಡಿ ಬಾಲ್ಕನಿ:
ನೋಡಿ ಹೇಳ್ತೀನಿ. ಡಿಸ್ಕ್ ಮಾತ್ರ ಕೊರಿಯರ್‌ಗೆ ಕೊಡಲ್ಲ, ನಾನೇ ಪ್ಲೇಯರ್ ಸಮೇತ ತರ್ತೀನಿ. ಬಸ್ ಚಾರ್ಜ್ ನನ್ದೇ.

ಹುಬ್ಬಳ್ಳಿ ಆಫ್‌ಸ್ಪಿನ್:
ಅವ್ರು ಬರೋದಾದ್ರ ಬೌಲರ್‌ಗಳ ಹೆಸರು ಮೊದಲ ಬರದು ಕಳಸ್ತೀನಿ, ಹುಡುಗ್ರ ಮುಂದ ಗಾರ್ನರ್, ಕ್ರಾಫ್ಟ್ ಅನ್ನಬಾರದು.