ಮಕ್ಕಳು ಮಲಗಿದ ಮೇಲೆ ಮುಗಿಯುವ ಆಟ

ಎಲ್ಲರಿಗೂ ನಮಸ್ಕಾರ. ಮಗನನ್ನು ಬೇಸ್‌ಬಾಲ್‌ಗೆ ಸೇರಿಸಲಾ ಬೇಡವಾ, ಈ ಆಟ ಈಗ ಯಾರೂ ನೋಡಲ್ಲವಂತೆ, ಅಂತ ಪ್ಲೇನೋದ ಅಕ್ಕ ನಿನ್ನೆ ಈ ಗುಂಪಿನಲ್ಲಿ ಕೇಳಿದ್ದರು. ನಾವು ಅಮೆರಿಕದ ಡಾಲಸ್ ಕಡೆ ಬಂದು ಹನ್ನೊಂದು ವರ್ಷ ಆಯಿತು. ನನ್ನ ಮಗ ಮೂರು ವರ್ಷ ಈ ಆಟ ಆಡಿದ್ದಾನೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

2023ರ ಅಕ್ಟೋಬರ್ 27ರ ರಾತ್ರಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಟೆಕ್ಸಸ್ ರೇಂಜರ್ಸ್ ಆರ್ಲಿಂಗ್ಟನ್‌ನಲ್ಲಿ ವರ್ಲ್ಡ್ ಸೀರೀಸ್‌ನ, ಅಂದರೆ ಬೇಸ್‌ಬಾಲ್ ಫೈನಲ್ ಸರಣಿಯ, ಮೊದಲ ಪಂದ್ಯ ಆಡುತ್ತಿದ್ದರು. ಶುರುವಾಗಿದ್ದೇ ಏಳು ಗಂಟೆಯ ಮೇಲೆ. ಮಗನಿಗೆ ಆಗ ಎಂಟು ವರ್ಷ. ಎಡಗೈಗೆ ಗ್ಲೋವ್ ಹಾಕಿಕೊಂಡೇ ಬಲಗೈಯಲ್ಲಿ ಚಿತ್ರಾನ್ನ ತಿನ್ನುತ್ತ ಟಿವಿ ಮುಂದೆ ಕೂತಿದ್ದ. ಏಳನೇ ಇನಿಂಗ್ಸ್ ಹೊತ್ತಿಗೆ ಸೋಫಾಕ್ಕೆ ಒರಗಿದವನು ಹಾಗೇ ನಿದ್ದೆಹೋದ. ಒಂಬತ್ತನೇ ಇನಿಂಗ್ಸ್‌ನಲ್ಲಿ ಕೋರಿ ಸೀಗರ್ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದು ಸ್ಕೋರ್ ಸಮ ಮಾಡಿದ. ಹನ್ನೊಂದನೇ ಇನಿಂಗ್ಸ್‌ನಲ್ಲಿ ಅಡೋಲಿಸ್ ಗಾರ್ಸಿಯಾ ಇನ್ನೊಂದು ಹೊಡೆದು 6-5ಕ್ಕೆ ಗೆಲ್ಲಿಸಿದ. ಮಗು ಎದ್ದೀತು ಅಂತ ನಾನೂ ನನ್ನ ಹೆಂಡತಿಯೂ ಬಾಯಿ ಮುಚ್ಚಿಕೊಂಡು ಕುಣಿದೆವು. ಆಮೇಲೆ ಅವನ ಕೈಯಿಂದ ಗ್ಲೋವ್ ಮೆಲ್ಲಗೆ ಬಿಡಿಸಿ ಎತ್ತಿಕೊಂಡು ಹೋಗಿ ಮಲಗಿಸಿದೆ.

ರೇಂಜರ್ಸ್ ಚಾಂಪಿಯನ್ ಆಗಿದ್ದು ಅದೇ ಮೊದಲು. ಆದರೆ ಟಿವಿಯಲ್ಲಿ ಅಷ್ಟು ಕಡಿಮೆ ಜನ ನೋಡಿದ ವರ್ಲ್ಡ್ ಸೀರೀಸ್ ಅದಕ್ಕೆ ಮೊದಲು ಇರಲಿಲ್ಲ. ಪಂದ್ಯಕ್ಕೆ ಸರಾಸರಿ ಸುಮಾರು 91 ಲಕ್ಷ ಜನ. 1978ರಲ್ಲಿ ಈ ಲೆಕ್ಕ ನಾಲ್ಕು ಕೋಟಿ ದಾಟಿತ್ತು! ನ್ಯೂಜೆರ್ಸಿ, ಬಾಸ್ಟನ್ ಕಡೆ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ, ಅಲ್ಲಿ ಇರುವವರಿಗೆ ಈ ಪಂದ್ಯಗಳು ಶುರುವಾಗುವುದೇ ಎಂಟಕ್ಕೆ. ಮಾರನೇ ದಿನ ಶಾಲೆ ಇರುವ ಮಗು ಕೊನೆವರೆಗೆ ನೋಡುವುದು ಹೇಗೆ? ಜಾಹೀರಾತಿನ ದುಡ್ಡಿಗಾಗಿ ಪಂದ್ಯವನ್ನು ರಾತ್ರಿಗೆ ತಳ್ಳಿದರು, ಮಕ್ಕಳು ಕೈತಪ್ಪಿದರು. ಒಂದು ತಲೆಮಾರು ಹೀಗೆ ಬೆಳೆದರೆ ಮುಂದೆ ಆಟ ನೋಡುವವರು ಎಲ್ಲಿಂದ ಬರುತ್ತಾರೆ?

ಗ್ಯಾಲಪ್ ಸಮೀಕ್ಷೆಯಲ್ಲಿ 1948ರಲ್ಲಿ ನೂರಕ್ಕೆ 39 ಜನ ಬೇಸ್‌ಬಾಲ್ ತಮ್ಮ ಮೆಚ್ಚಿನ ಆಟ ಅಂದಿದ್ದರು. 2023ರಲ್ಲಿ ಹಾಗೆ ಹೇಳಿದವರು 10. ಫುಟ್‌ಬಾಲ್‌ಗೆ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) 41. ಫುಟ್‌ಬಾಲ್ ತಂಡಕ್ಕೆ ಸೀಸನ್‌ನಲ್ಲಿ 17 ಪಂದ್ಯ, ಪ್ರತಿಯೊಂದೂ ಹಬ್ಬದ ಹಾಗೆ. ಬೇಸ್‌ಬಾಲ್‌ಗೆ 162. ಒಂದು ತಪ್ಪಿದರೆ ಏನಂತೆ, ನಾಳೆ ಇನ್ನೊಂದು ಇದೆ. ಜೊತೆಗೆ ಆಟವೂ ನಿಧಾನವಾಗುತ್ತ ಹೋಯಿತು. 2021ರಲ್ಲಿ ಒಂದು ಪಂದ್ಯಕ್ಕೆ ಸರಾಸರಿ ಮೂರು ಗಂಟೆ ಹತ್ತು ನಿಮಿಷ ಹಿಡಿಯುತ್ತಿತ್ತು. ಎಲ್ಲರಿಗೂ ಹೋಮ್ ರನ್ನೇ ಬೇಕು, ಇಲ್ಲದಿದ್ದರೆ ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆ ಔಟ್. 2018ರಲ್ಲಿ ಚೆಂಡು ಹೊಡೆದು ಬೇಸ್ ತಲುಪುವ ಹಿಟ್‌ಗಳಿಗಿಂತ ಸ್ಟ್ರೈಕ್‌ಔಟ್‌ಗಳೇ ಜಾಸ್ತಿ ಆದವು. ಫೀಲ್ಡರ್‌ಗಳು ಸುಮ್ನೆ ನಿಂತಿರುವುದನ್ನು ಮಗು ಎಷ್ಟು ಹೊತ್ತು ನೋಡೀತು? 1994ರಲ್ಲಿ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸೇ ರದ್ದಾಗಿತ್ತು. ನಮ್ಮ ಆಫೀಸಿನ ಹಿರಿಯರೊಬ್ಬರು ಅವತ್ತು ಬಿಟ್ಟವರು ಮತ್ತೆ ನೋಡಲೇ ಇಲ್ಲ.

ನನಗೆ ಹೆಚ್ಚು ಬೇಸರ ತರಿಸಿದ್ದು ಖರ್ಚು. ಮೊದಲ ಎರಡು ವರ್ಷ ಊರಿನ ಮಕ್ಕಳೆಲ್ಲ ಸೇರಿ ಆಡುವ ರೆಕ್ ಲೀಗ್, ಎಷ್ಟು ಖುಷಿ ಇತ್ತು! ಆಮೇಲೆ ಚೆನ್ನಾಗಿ ಆಡುವ ಮಕ್ಕಳೆಲ್ಲ ಟ್ರಾವೆಲ್ ಟೀಮ್‌ಗೆ ಹೋದರು. ನಾವೂ ಒಂದು ವರ್ಷ ಹೋದೆವು. ಫೀಸು, ಬ್ಯಾಟು, ವಾರಕ್ಕೊಂದು ಊರು, ಅಲ್ಲಿ ಹೋಟೆಲ್. ಎಲ್ಲ ಸೇರಿ ನಾಲ್ಕು ಸಾವಿರ ಡಾಲರ್ ದಾಟಿತು. ಬ್ಯಾಸ್ಕೆಟ್‌ಬಾಲ್‌ಗೆ ಬೀದಿ ಕೊನೆಯಲ್ಲಿ ಒಂದು ಹೂಪ್ ಇದ್ದರೆ ಸಾಕು, ಅಲ್ವಾ? ಜಾಕಿ ರಾಬಿನ್ಸನ್ 1947ರಲ್ಲಿ ಕಪ್ಪು ಆಟಗಾರರಿಗೆ ಬಾಗಿಲು ತೆರೆದ ಆಟ ಇದು. 1980ರ ದಶಕದ ಶುರುವಿನಲ್ಲಿ ಬೇಸ್‌ಬಾಲ್‌ನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ನೂರಕ್ಕೆ 18ರಷ್ಟು ಕಪ್ಪು ಅಮೆರಿಕನ್ ಆಟಗಾರರಿದ್ದರು. ಈಗ 6ರ ಆಸುಪಾಸು. ಇದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ದುಡ್ಡಿದ್ದವರ ಮಕ್ಕಳೇ ಮುಂದೆ ಹೋಗುವ ಆಟ ಊರಿನ ಆಟವಾಗಿ ಉಳಿಯುವುದು ಕಷ್ಟ.

ಹಾಗಂತ ಆಟ ಸತ್ತಿಲ್ಲ ಅಕ್ಕ. 2023ರಲ್ಲಿ ಪಿಚ್ ಕ್ಲಾಕ್ ತಂದರು. ಪಿಚರ್ 15 ಸೆಕೆಂಡಿನೊಳಗೆ ಎಸೆಯಬೇಕು, ಬೇಸ್‌ನಲ್ಲಿ ರನ್ನರ್ ಇದ್ದರೆ ಆ ವರ್ಷ 20 ಸೆಕೆಂಡ್ ಇತ್ತು. ಪಂದ್ಯ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಅದೇ ವರ್ಷ ಮೈದಾನಕ್ಕೆ ಬಂದವರು ಏಳು ಕೋಟಿ ದಾಟಿದರು. 2024ರ ವರ್ಲ್ಡ್ ಸೀರೀಸ್‌ನಲ್ಲಿ ಜಪಾನಿನ ತಾರೆ ಓಟಾನಿ ಇದ್ದ ಡಾಡ್ಜರ್ಸ್ ತಂಡ, ಯಾಂಕೀಸ್ ಎದುರು ಬಂದಾಗ ಟಿವಿ ಲೆಕ್ಕವೂ ಒಂದೂವರೆ ಕೋಟಿ ದಾಟಿತು. ನಮ್ಮ ಮಕ್ಕಳಿಗೂ ದಾರಿ ಇದೆ. ಮೇಜರ್ ಲೀಗ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, 2023ರ ಮೊದಲ ಸುತ್ತಿನಲ್ಲೇ ಟೊರಾಂಟೋ ತಂಡ ಆರಿಸಿಕೊಂಡ ಅರ್ಜುನ್ ನಿಮ್ಮಲನ ಅಪ್ಪ ಅಮ್ಮ ಭಾರತದಿಂದ ಬಂದವರು.

ಕ್ರಿಕೆಟ್ ಸಾಕಲ್ಲ ಅಂತ ಇಲ್ಲಿ ಕೆಲವರು ಬರೆದಿದ್ದೀರಿ. ನನಗೂ ಕ್ರಿಕೆಟ್ ಅಂದರೆ ಪ್ರಾಣ. 2024ರ ಜೂನ್‌ನಲ್ಲಿ ಇಲ್ಲೇ ಡಾಲಸ್ ಹತ್ತಿರದ ಗ್ರ್ಯಾಂಡ್ ಪ್ರೇರಿಯಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿದಾಗ ಮೂರು ವಿಕೆಟ್ ತೆಗೆದದ್ದು ನಮ್ಮ ಚಿಕ್ಕಮಗಳೂರು ಮೂಲದ ಬೌಲರ್ ನೊಸ್ತುಷ್ ಕೆಂಜಿಗೆ. ಆ ಮೈದಾನ 2008ರಲ್ಲಿ ಬೇಸ್‌ಬಾಲ್‌ಗೆಂದೇ ಕಟ್ಟಿದ್ದು. ಆದರೆ ಮಗ ನಾಳೆ ಶಾಲೆಯಲ್ಲಿ ಪಕ್ಕದಲ್ಲಿ ಕೂತವನ ಜೊತೆ ಏನು ಆಡುತ್ತಾನೆ ಅನ್ನುವುದನ್ನೂ ನೋಡಬೇಕು.

ಅಕ್ಕ, ಈಗಲೇ ಟ್ರಾವೆಲ್ ಟೀಮ್ ಬೇಡ. ರೆಕ್ ಲೀಗ್‌ಗೆ ಸೇರಿಸಿ. ಬೇಸಿಗೆಯಲ್ಲಿ ಒಂದು ಶನಿವಾರ ಫ್ರಿಸ್ಕೋದಲ್ಲಿ ರೇಂಜರ್ಸ್‌ನ ಕಿರಿಯ ತಂಡ ರಫ್‌ರೈಡರ್ಸ್‌ನ ಪಂದ್ಯಕ್ಕೆ ಕರೆದುಕೊಂಡು ಬನ್ನಿ. ಮಗನ ಹಳೆಯ ಗ್ಲೋವ್ ನಮ್ಮ ಮನೆಯಲ್ಲಿದೆ, ನಿಮ್ಮ ಹುಡುಗನ ಕೈಗೆ ಸರಿಹೋಗುತ್ತದೆ. ತರುತ್ತೇನೆ.